ಪಕ್ಕದ ಮನೆಯ ರಾಯರಿಗೆ ಮದ್ದು ಹಾಕಿದ್ದು

ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ, ಯಾಕೋ ಗೊತ್ತಿಲ್ಲ. ಮೈಸೂರಿನಲ್ಲಿ ಇರುವೆ ಸಾಲು ಕಂಡರೂ ದಾಟಿ ನಡೆಯುತ್ತಿದ್ದವಳು ನಾನು. ಅಮೆರಿಕದ ನ್ಯೂ ಜೆರ್ಸಿಯ ಬ್ರಿಡ್ಜ್‌ವಾಟರ್‌ಗೆ ಬಂದು, ಒಂದು ಬೇಸಿಗೆ ಪೂರ್ತಿ ಬೇಟೆ ಬಂದೂಕಿನ ತೋಟೆಗೆ ಮದ್ದು ತೂಗುತ್ತಾ ಕೂತೆ. ಅದೂ ಅತ್ತೆಯ ಜೊತೆ.

ಫ್ಯಾನು

ಪಕ್ಕದ ಮನೆಯವರು ಎಪ್ಪತ್ತೆಂಟರ ಅಮೆರಿಕನ್. ಲೇತ್ ಮೆಷಿನ್ ಮೇಲೆ ದುಡಿದು ರಿಟೈರ್ ಆದವರು, ಒಂಟಿ. ನಮ್ಮ ಅತ್ತೆ, ಅವರ ಹೆಸರಿಗೆ ನಾಲಿಗೆ ಹೊರಳದೆ, "ರಾಯರು" ಎಂದು ಕರೆಯಲು ಶುರು ಮಾಡಿದರು. ಅದು ಮರ್ಯಾದೆಯ ಮಾತು ಎಂದು ನಾನು ಹೇಳಿದ ಮೇಲೆ ಅವರೂ ಆ ಹೆಸರಿಗೇ ತಿರುಗಿ ನೋಡತೊಡಗಿದರು.

ಒಂದು ಶನಿವಾರ ಅವರ ಏಣಿ ವಾಪಸ್ ಕೊಡಲು ಹೋದೆ. ರಾಯರು ಗ್ಯಾರೇಜಿನಲ್ಲಿ ಸಣ್ಣ ತಕ್ಕಡಿಯ ಮುಂದೆ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು ಏನೋ ತೂಗುತ್ತಿದ್ದರು. ಏನೆಂದು ಕೇಳಿದ್ದಕ್ಕೆ ಕಥೆ ಹೇಳಿದರು. ಅವರ ಅಪ್ಪನ ಕಾಲದ ರೈಫಲ್ ಇದೆ. ಥರ್ಟಿ-ಆಟ್-ಸಿಕ್ಸ್ ಎಂಬ ಹಳೇ ಹೆಸರುವಾಸಿ ತೋಟೆ ಅದಕ್ಕೆ. ಅಪ್ಪನ ಜೊತೆ ಹೋಗುತ್ತಿದ್ದ ಬೆಟ್ಟಕ್ಕೆ ಈ ನವೆಂಬರಿನಲ್ಲಿ ಕೊನೆಯದಾಗಿ ಒಮ್ಮೆ ಹೋಗಿಬರಬೇಕು. ಅಂಗಡಿಯ ತೋಟೆ ಒದೆಯುವ ಒದೆತವನ್ನು ಭುಜ ಈಗ ತಡೆಯುವುದಿಲ್ಲ. ಅದಕ್ಕೇ ಸ್ವಲ್ಪ ಮೆತ್ತಗಿನದನ್ನು ತಾವೇ ಮಾಡಿಕೊಳ್ಳುತ್ತಿದ್ದಾರೆ. ಕಣ್ಣಲ್ಲಿ ಪೊರೆ, ಆಪರೇಷನ್ ಸೆಪ್ಟೆಂಬರಿನಲ್ಲಿ.

ಇಷ್ಟೆಲ್ಲ ಹೇಳುವಾಗ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಔಷಧಿ ಕಂಪನಿಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಪುಡಿ ತೂಗುವವಳು. ನಮ್ಮಲ್ಲಿ ಯಾರಾದರೂ ಹತ್ತಿರ ಸೀನಿದರೂ ಮತ್ತೆ ಮೊದಲಿಂದ ತೂಗುತ್ತೇವೆ. ಮೊದಲು ಫ್ಯಾನ್ ಆರಿಸಿ ಎಂದೆ. ಆರಿಸಿದರು. ಸರಿಯಾಗಿ ನಿಂತಿದ್ದ ತಕ್ಕಡಿಯ ಮುಳ್ಳು ನಿಧಾನಕ್ಕೆ ಬೇರೆ ಕಡೆ ಸರಿಯಿತು. ರಾಯರು ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ತಮ್ಮ ಸ್ಟೂಲನ್ನು ನನ್ನ ಕಡೆ ತಳ್ಳಿದರು.

ಮನೆಗೆ ಬಂದು ಹೇಳಿದರೆ ಅತ್ತೆ ಗಂಭೀರವಾಗಿ ಕೇಳಿದರು. ಅವರ ತಂದೆ ಅಕ್ಕಸಾಲಿಗರು. ಮದ್ದನ್ನು ಗ್ರೇನ್ ಎಂಬ ತೂಕದಲ್ಲಿ ಅಳೆಯುತ್ತಾರೆ, ಅಂಥ ಎರಡು ಗ್ರೇನ್ ಸೇರಿದರೆ ಹೆಚ್ಚುಕಡಿಮೆ ಒಂದು ಗುಲಗಂಜಿ ಎಂದು ವಿವರಿಸಿದೆ.

"ಗುಲಗಂಜಿ ಲೆಕ್ಕ ತಪ್ಪಿದರೆ ನಮ್ಮಪ್ಪನಿಗೆ ಗಿರಾಕಿ ಹೋಗ್ತಿತ್ತು," ಎಂದರು. "ರಾಯರಿಗೆ ಏನು ಹೋಗತ್ತೆ?"

"ಮುಖ," ಎಂದೆ.

ಮರುದಿನ ಅತ್ತೆ ತಮ್ಮ ಕುರ್ಚಿ ಎತ್ತಿಕೊಂಡು ನನಗಿಂತ ಮೊದಲೇ ಗ್ಯಾರೇಜಿಗೆ ಹೊರಟಿದ್ದರು.

ಮೈಸೂರಿಗೆ ಸುದ್ದಿ

ಆ ವಾರ ಅತ್ತೆ ಮೈಸೂರಿನ ತಂಗಿಗೆ ಫೋನ್ ಮಾಡಿದ್ದಾರೆ. ಸೊಸೆ ಏನು ಮಾಡ್ತಿದ್ದಾಳೆ ಎಂದು ಆಕೆ ಕೇಳಿದ್ದಾರೆ. ಅತ್ತೆ ಹೆಮ್ಮೆಯಿಂದ, "ದಿನಾ ಸಂಜೆ ಪಕ್ಕದ ಮನೆ ರಾಯರಿಗೆ ಮದ್ದು ಹಾಕಿಕೊಡ್ತಾಳೆ. ನಾನೂ ಜೊತೆಗೆ ಹೋಗ್ತೀನಿ," ಎಂದಿದ್ದಾರೆ.

ನಮ್ಮ ಕಡೆ ಮದ್ದು ಹಾಕುವುದು ಎಂದರೆ ಊಟದಲ್ಲಿ ಬೆರೆಸಿ ಮನುಷ್ಯನನ್ನು ಬುಟ್ಟಿಗೆ ಹಾಕಿಕೊಳ್ಳುವುದು, ಇಲ್ಲವೇ ಒಂದೇ ಸಲಕ್ಕೆ ಮುಗಿಸುವುದು. ಎರಡು ದಿನದಲ್ಲಿ ಸುದ್ದಿ ಇಡೀ ಬಳಗಕ್ಕೆ ಹಬ್ಬಿತು. ನಮ್ಮ ಮನೆಯವರಿಗೆ ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ಫೋನ್ ಬಂತು. ಅವರ ಸೋದರಮಾವ ಬಹಳ ಸುತ್ತಿ ಬಳಸಿ, ಮನೆಯಲ್ಲಿ ಎಲ್ಲ ಚೆನ್ನಾಗಿದೆಯಾ, ನೀನು ಹೊರಗೆ ಊಟ ಮಾಡ್ತೀಯಾ ಒಳಗಾ ಎಂದು ವಿಚಾರಿಸಿದರು. ಇವರಿಗೆ ತಲೆಬುಡ ತಿಳಿಯದೆ, ಒಳಗೇ ಎಂದರಂತೆ.

"ಸದ್ಯಕ್ಕೆ ಹೊರಗೆ ಮಾಡು," ಎಂದು ಮಾವ ಫೋನಿಟ್ಟರು.

ಹಿತ್ತಾಳೆ

ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನು ಎಸೆಯುವುದಿಲ್ಲ. ತೊಳೆದು, ಮತ್ತೆ ಅಳತೆಗೆ ತಂದು ಉಪಯೋಗಿಸುತ್ತಾರೆ. ರಾಯರ ಹತ್ತಿರ ಕಪ್ಪುಗಟ್ಟಿದ ಇನ್ನೂರು ಚಿಪ್ಪಿದ್ದವು. ಅವನ್ನು ತೊಳೆಯುವ ಯಂತ್ರ ಕೆಟ್ಟಿತ್ತು. ಅತ್ತೆ ಒಂದನ್ನು ತಿರುಗಿಸಿ ನೋಡಿ, ಡಬ್ಬ ಎತ್ತಿಕೊಂಡು ಮನೆಗೆ ಬಂದರು. ಹುಣಸೆಹಣ್ಣು, ಬಿಸಿನೀರು, ಆಮೇಲೆ ನಾಲ್ಕು ಸಲ ಬರೀ ನೀರು. ದೇವರ ಸಾಮಾನು ಬೆಳಗಿದಂತೆ ಬೆಳಗಿ, ಕಿಟಕಿ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸಿದರು. ರಾಯರು ನೋಡಿ, ಹೊಸದಾಗಿ ಕೊಂಡಾಗಲೂ ಇವು ಹೀಗಿರಲಿಲ್ಲ ಎಂದರು.

ಅದೇ ವಾರ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಹತ್ತಿರದ ಊರು ಪಿಸ್ಕಾಟವೇಯಿಂದ ಬಂದಿದ್ದ ಆಂಟಿಯೊಬ್ಬರು ಸಹಾಯ ಮಾಡುವ ಉತ್ಸಾಹದಲ್ಲಿ ಕಿಟಕಿಯಿಂದ ಆರು ಚಿಪ್ಪು ತಂದು, ಒಂದೊಂದಕ್ಕೂ ಚಿಟಿಕೆ ಅಕ್ಕಿ ಹಾಕಿ, ಅಗರಬತ್ತಿ ಸಿಕ್ಕಿಸಿ ಮಂಟಪದ ಮುಂದೆ ಇಟ್ಟುಬಿಟ್ಟರು. ಎಷ್ಟು ಮುದ್ದಾಗಿವೆ, ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕವಾ ಎಂದು ಕೇಳಿದರು. ಬಂದವರೆಲ್ಲ ಕೈ ಮುಗಿದರು. ನಾನೂ ಮುಗಿದೆ.

ಮಾರನೆಯ ದಿನ ರಾಯರು ಮದ್ದು ಹಾಕುವ ಮುಂಚೆ ಅಭ್ಯಾಸದಂತೆ ಪ್ರತಿ ಚಿಪ್ಪಿನೊಳಗೂ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಒಂದನ್ನು ಅಂಗೈ ಮೇಲೆ ಬಗ್ಗಿಸಿದರು. ಬಿಳಿ ಕಾಳು ಉದುರಿತು. ಅವರಿಗೆ ಗೊತ್ತಿಲ್ಲದ ಮದ್ದೇ ಇಲ್ಲ. ಮೂಸಿದರು. ಗಂಧದ ವಾಸನೆ. ಇದು ಯಾವ ಕಂಪನಿಯದು ಎಂದು ಕೇಳಿದರು.

"ಸೋನಾ ಮಸೂರಿ," ಎಂದೆ.

ಸಹಿ

ಇದರಲ್ಲಿ ಅರ್ಧ ಮಾತ್ರ ನಗು.

ಮದ್ದಿನ ಅಳತೆಗೆ ಅಚ್ಚಾದ ಪುಸ್ತಕ ಇರುತ್ತದೆ. ಯಾವ ಮದ್ದು, ಯಾವ ಗುಂಡು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು. ಕನಿಷ್ಠದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಹಂತದಲ್ಲೂ ಹಾರಿಸಿ ನೋಡಬೇಕು. ರಾಯರು ಮಾತ್ರ ತಮ್ಮ ಹಳೇ ನೋಟ್‌ಬುಕ್ಕಿನಿಂದ ಪೆನ್ಸಿಲಿನಲ್ಲಿ ಬರೆದ ಒಂದು ಅಂಕಿ ಓದಿ, ಇಷ್ಟು ಹಾಕು ಎಂದರು. ಪುಸ್ತಕ ತೆರೆದೆ. ಆ ಅಂಕಿ ಗರಿಷ್ಠವನ್ನೂ ದಾಟಿ ಎಷ್ಟೋ ಮೇಲಿತ್ತು.

ನಲವತ್ತು ವರ್ಷದಿಂದ ಇದನ್ನೇ ಹಾಕುತ್ತಿದ್ದೇನೆ ಎಂದರು. ನಮ್ಮ ಲ್ಯಾಬಿನಲ್ಲಿ ಇಬ್ಬರು ನೋಡಿ ಸಹಿ ಹಾಕದೆ ಒಂದು ಮಾತ್ರೆಯೂ ಆಚೆ ಹೋಗುವುದಿಲ್ಲ, ನಾನು ಈ ಅಂಕಿಗೆ ಸಹಿ ಹಾಕುವುದಿಲ್ಲ ಎಂದೆ. ರಾಯರು ದೀಪ ಆರಿಸಿ ಒಳಗೆ ಹೋದರು. ಎರಡು ದಿನ ಮೇಲ್‌ಬಾಕ್ಸ್ ಹತ್ತಿರ ಸಿಕ್ಕರೂ ಕೈ ಎತ್ತಲಿಲ್ಲ. ಮುದುಕರ ಮನಸ್ಸು ನೋಯಿಸಿದೆಯಲ್ಲ ಎಂದು ಅತ್ತೆ ನನ್ನ ಮೇಲೆ ಮುನಿಸಿಕೊಂಡರು. ನನಗೂ ಊಟ ಸೇರಲಿಲ್ಲ.

ಮೂರನೆಯ ದಿನ ಬಾಗಿಲು ತಟ್ಟಿದರು. ಕೈಯಲ್ಲಿ ಭೂತಗನ್ನಡಿ, ನೋಟ್‌ಬುಕ್, ಬೇಸ್‌ಮೆಂಟಿನಿಂದ ಹುಡುಕಿ ತೆಗೆದ ಹಳೇ ಮದ್ದಿನ ಖಾಲಿ ಡಬ್ಬಿ. ಹಳೇ ಮದ್ದಿಗೂ ಈಗಿನ ಮದ್ದಿಗೂ ಹೆಸರಿನಲ್ಲಿ ಒಂದೇ ಒಂದು ಅಂಕಿಯ ವ್ಯತ್ಯಾಸ. ಈಗಿನದು ಬಲು ಜೋರಿನದು, ಆ ಅಳತೆಗೆ ಹಾಕಿದರೆ ಬಂದೂಕೇ ಸಿಡಿದೀತು. ಪೊರೆಗಣ್ಣಿಗೆ ಎರಡೂ ಒಂದೇ ಆಗಿ ಕಂಡಿತ್ತು. ನಾನು ಬರುವ ಮೊದಲೇ ಅದೇ ಅಳತೆಯಲ್ಲಿ ಹನ್ನೆರಡು ತೋಟೆ ಮಾಡಿಟ್ಟಿದ್ದರು.

"ನನ್ನ ಕೆನ್ನೆ ಒತ್ತಿಕೊಂಡು ಹಾರಿಸೋದು ಅದನ್ನ," ಎಂದರು.

ಹನ್ನೆರಡನ್ನೂ ಬಿಚ್ಚಿದೆವು. ಆವತ್ತಿನಿಂದ ಮೇಜಿನ ಮೇಲೆ ಒಂದೇ ಡಬ್ಬಿ, ಒಂದೇ ಪುಸ್ತಕ, ಪ್ರತಿ ಸಾಲಿಗೂ ಎರಡು ಸಹಿ. ರಾಯರಿಗೆ ಸಹಿಯ ಹುಚ್ಚು ಎಷ್ಟು ಹಿಡಿಯಿತೆಂದರೆ, ಅತ್ತೆ ತಂದ ಉಪ್ಪಿಟ್ಟನ್ನೂ ದಾಖಲೆಗೆ ಏರಿಸಿದರು. ಆ ಪುಟದಲ್ಲಿ ಈಗಲೂ ಇದೆ: ಉಪ್ಪಿಟ್ಟು, ಒಂದು ಬಟ್ಟಲು, ತಯಾರಿಸಿದವರು ಎಂಬಲ್ಲಿ ಅತ್ತೆಯ ಕನ್ನಡ ಸಹಿ, ಪರಿಶೀಲಿಸಿದವರು ಎಂಬಲ್ಲಿ ರಾಯರದು, ಜೊತೆಗೆ ಒಂದು ಷರಾ: ಹಸಿಮೆಣಸಿನಕಾಯಿ ಗರಿಷ್ಠ ಮಿತಿ ಮೀರಿದೆ.

ಬೊಟ್ಟು

ಕಣ್ಣಿನ ಆಪರೇಷನ್ ಆಗಿ, ಡಾಕ್ಟರ್ ಒಪ್ಪಿದ ಮೇಲೆ ಶೂಟಿಂಗ್ ರೇಂಜಿಗೆ ಹೋದೆವು. ಐದು ಹಂತದ ಅಳತೆ, ಹಂತಕ್ಕೆ ಮೂರು ತೋಟೆ. ಗುರಿ ಹಾಳೆಯ ಮೇಲೆ ಯಾವ ತೂತು ಯಾವ ಹಂತದ್ದು ಎಂದು ಗುರುತಿಡಲು ಸ್ಟಿಕರ್ ತರುವುದು ಮರೆತಿದ್ದೆ. ಅತ್ತೆ ಪರ್ಸಿನಿಂದ ಬೊಟ್ಟಿನ ಪ್ಯಾಕೆಟ್ ತೆಗೆದರು. ಮೊದಲ ಹಂತಕ್ಕೆ ಕೆಂಪು, ಎರಡಕ್ಕೆ ಹಸಿರು, ಮೂರಕ್ಕೆ ಮೆರೂನ್. ನಾಲ್ಕನೆಯದರ ಮೂರು ತೂತು ಎಷ್ಟು ಒತ್ತೊತ್ತಾಗಿ ಬಿದ್ದಿದ್ದವೆಂದರೆ ಒಂದೇ ದೊಡ್ಡ ಬೊಟ್ಟಿನಡಿ ಮೂರೂ ಮುಚ್ಚಿಹೋದವು. ಭುಜವೂ ನೋಯಲಿಲ್ಲ. ಅಲ್ಲಿಗೇ ನಿಲ್ಲಿಸಿದೆವು. ಐದನೆಯದು ಬೇಡವೇ ಬೇಡ ಎಂದರು ರಾಯರು.

ಪಕ್ಕದ ಬೆಂಚಿನ ದಢೂತಿ ಮನುಷ್ಯ ಹಾಳೆ ನೋಡಿ, ನೂರು ಗಜ ದೂರಕ್ಕೆ ತೂತುಗಳ ಹರವು ಎಷ್ಟು ಅಗಲ ಬಂತು ಎಂದು ಕೇಳಿದ. ಬೇರೆಯವರಾಗಿದ್ದರೆ ಇಂಚಿನಲ್ಲಿ ಹೇಳುತ್ತಿದ್ದರು.

"ಒನ್ ಬೊಟ್ಟು," ಎಂದರು ರಾಯರು.

ಬೆಟ್ಟದ ಮೇಲೆ

ನ್ಯೂ ಜೆರ್ಸಿಯಲ್ಲಿ ಜಿಂಕೆಗೆ ರೈಫಲ್ ಬಳಸುವಂತಿಲ್ಲ. ರಾಯರು ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ಯಾಟ್ಸ್‌ಕಿಲ್ ಬೆಟ್ಟಕ್ಕೆ ಹೊರಟರು. ನಾನು ಇಪ್ಪತ್ತು ತೋಟೆಯ ಪೆಟ್ಟಿಗೆ ಕೊಟ್ಟೆ. ಅತ್ತೆ ದಾರಿಗೆ ಇರಲಿ ಎಂದು ಒಂದು ಡಬ್ಬಿ ಕೋಡುಬಳೆ ಕೊಟ್ಟರು. ಅವರು ಹೋದ ಮೇಲೆ ನಮ್ಮಿಬ್ಬರಿಗೂ ಸಮಾಧಾನವಿಲ್ಲ. ತೋಟೆ ಕೈ ಕೊಟ್ಟರೆ ಎಂದು ನನಗೆ. ಜಿಂಕೆಗೆ ತಗುಲಿದರೆ ಎಂದು ಅತ್ತೆಗೆ.

ಮೂರನೆಯ ದಿನ ಬಂದರು. ಟ್ರಕ್ಕಿನ ಹಿಂದೆ ಏನೂ ಇರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಕಾಫಿ ಹಿಡಿದು ನಡೆದದ್ದನ್ನು ಹೇಳಿದರು.

ಅಪ್ಪ ಕೂರುತ್ತಿದ್ದ ಅದೇ ಬಂಡೆ. ಬೆಳಕು ಹರಿದಾಗಿಂದ ಕೂತಿದ್ದಾರೆ. ಗಾಳಿಯಿಲ್ಲ, ಎಲೆ ಅಲುಗುವುದಿಲ್ಲ. ಒಂಬತ್ತರ ಹೊತ್ತಿಗೆ ಹಸಿವಾಗಿ ಒಂದು ಕೋಡುಬಳೆ ಬಾಯಿಗೆ ಇಟ್ಟುಕೊಂಡರು. ಅಷ್ಟರಲ್ಲಿ ಮರಗಳ ನಡುವಿನಿಂದ ಜಿಂಕೆ ಬಂತು. ಎಂಟು ಕವಲಿನ ಕೊಂಬು. ನಲವತ್ತು ಹೆಜ್ಜೆ ದೂರದಲ್ಲಿ ನಿಂತು ಇವರ ಕಡೆಗೇ ಕಿವಿ ನಿಮಿರಿಸಿತು. ರೈಫಲ್ ತೊಡೆಯ ಮೇಲಿದೆ, ಕೋಡುಬಳೆ ಹಲ್ಲಿನ ನಡುವೆ ಇದೆ. ಅಗಿದರೆ ಸದ್ದು, ಉಗಿದರೆ ಅಲುಗಾಟ. ಎಂಜಲಿನಲ್ಲಿ ನೆನೆದು ಮೆತ್ತಗಾಗಲಿ ಎಂದು ಕಾದರು. ಐದು ನಿಮಿಷ ಕಾದರು. ಅತ್ತೆಯ ಕೋಡುಬಳೆ ನೆನೆಯುವ ಜಾತಿಯದಲ್ಲ. ಜಿಂಕೆ ತಲೆ ಬಗ್ಗಿಸಿ ಮೇಯತೊಡಗಿದಾಗ ಮಿಲಿಮೀಟರ್ ಮಿಲಿಮೀಟರಾಗಿ ರೈಫಲ್ ಎತ್ತಿ, ಕೆನ್ನೆಯನ್ನು ಅದರ ಮರದ ಹಿಡಿಗೆ ಒತ್ತಿದರು. ಒತ್ತಿದ ಕೂಡಲೇ ದವಡೆ ಮುಚ್ಚಿಕೊಂಡಿತು.

ಕಟಕ್.

ಜಿಂಕೆ ಎರಡು ನೆಗೆತಕ್ಕೆ ಮಾಯ.

ನಾನು ಬೇಜಾರಾಯಿತಾ ಎಂದು ಕೇಳಿದೆ. ಇಲ್ಲ, ಅಪ್ಪನ ಬಂಡೆಯ ಮೇಲೆ ಕೂತು ಎಷ್ಟೋ ಹೊತ್ತು ಒಬ್ಬನೇ ನಕ್ಕೆ, ಹೊಸ ಕಣ್ಣಿನಲ್ಲಿ ಅದರ ರೆಪ್ಪೆ ಕೂಡ ಕಂಡಿತು ಎಂದರು. ಇಪ್ಪತ್ತು ತೋಟೆಯನ್ನೂ ಎಣಿಸಿ ವಾಪಸ್ ಮೇಜಿನ ಮೇಲಿಟ್ಟರು.

ಅತ್ತೆಗೆ ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮೈಸೂರಿನ ತಂಗಿಗೆ ಫೋನ್ ಮಾಡಿದರು.

"ನೋಡೇ, ಸೊಸೆ ಐದು ತಿಂಗಳು ತೂಗಿ ತೂಗಿ ಮಾಡಿದ್ದು ಒಂದೂ ಸದ್ದು ಮಾಡಲಿಲ್ಲ," ಎಂದರು. "ನಾನು ಕಣ್ಣಳತೇಲಿ ಮಾಡಿದ್ದು ಬೆಟ್ಟಕ್ಕೆಲ್ಲಾ ಕೇಳಿಸ್ತಂತೆ."