ನಮ್ಮ ಮನೆಯ ಚೀಟ್ ಡಬ್ಬಿ

ನಾನು ಜೀವನದಲ್ಲಿ ಮಾಡಿದ ಮೋಸಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಬಹುದಾದದ್ದು ಒಂದೇ ಒಂದು. ಉಳಿದವೆಲ್ಲ ಎಲ್ಲರೂ ಮಾಡುವಂಥವು: ನೆಗಡಿಗೆ ಜ್ವರವೆಂದು ರಜೆ ಬರೆಯುವುದು, ಅಮ್ಮಿ ಮಾಡಿದ ಹಾಗಲಕಾಯಿ ಪಲ್ಯವನ್ನು ಹೊಗಳುವುದು, ಇತ್ಯಾದಿ. ಅವುಗಳಲ್ಲಿ ಯಾವ ಕಲೆಯೂ ಇಲ್ಲ. ಆದರೆ ತೊಂಬತ್ತರ ದಶಕದಲ್ಲಿ ಶಿಡ್ಲಘಟ್ಟದ ನಮ್ಮ ನಡುಮನೆಯಲ್ಲಿ ನಾನು ಮಾಡಿದ ಮೋಸ ಅಂತಾರಾಷ್ಟ್ರೀಯ ಮಟ್ಟದ್ದು. ಅದನ್ನು ಮಾಡಿದವನಾದರೂ ಯಾರು? ಪರೀಕ್ಷೆಯ ಕೊಠಡಿಯಲ್ಲಿ ಕಾಲುಚೀಲದೊಳಗಿನ ಕಾಪಿ ಚೀಟಿಯನ್ನೂ ಪತ್ತೆ ಹಚ್ಚುತ್ತಾನೆಂದು ಹೆಸರಾದ ಗಣಿತದ ಮೇಷ್ಟ್ರು.

ಇದಕ್ಕೆಲ್ಲ ಕಾರಣ ನನ್ನ ಚಿಕ್ಕಮ್ಮನ ಮಗ ಇಕ್ಬಾಲ್. ಗೌರಿಬಿದನೂರಿನಲ್ಲಿ ಅವನದೊಂದು ಬಟ್ಟೆ ಅಂಗಡಿ. ನಮ್ಮಿಬ್ಬರ ಮನೆಯಲ್ಲೂ ಒಂದೇ ಬಗೆಯ ವಿಡಿಯೋ ಗೇಮು, ಒಂದೇ ಹಳದಿ ಕ್ಯಾಸೆಟ್ಟು. ಬಂದೂಕು ಹಿಡಿದ ಸಿಪಾಯಿಯೊಬ್ಬ ಓಡುತ್ತ, ಹಾರುತ್ತ, ಎಂಟು ಸ್ಟೇಜು ದಾಟಬೇಕು. ಅವನಿಗೆ ಮೂರು ಲೈಫು. ಮೂರೂ ಮುಗಿದರೆ ರಿಮೋಟನ್ನು ಪಕ್ಕದವರಿಗೆ ಕೊಡಬೇಕು. ಇದು ನಮ್ಮ ಖಾನ್‌ದಾನಿನಲ್ಲಿ ಯಾರೂ ಮುರಿಯದ ಕಾನೂನು. ಚಿಂತಾಮಣಿಯ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಈ ಇಕ್ಬಾಲ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಾನು ಆರನೇ ಸ್ಟೇಜ್‌ವರ್ಗೂ ಹೋಗಿದ್ದೀನಿ. ಪಾಪ, ನಮ್ಮ ಮೇಷ್ಟ್ರು ಭಾಯ್ ಇನ್ನೂ ಮೂರನೇದೇ ದಾಟಿಲ್ಲ. ಲೆಕ್ಕ ಹೇಳ್ಕೊಡೋದು ಬೇರೆ, ಬೆರಳು ಆಡ್ಸೋದು ಬೇರೆ ಕಣಪ್ಪ." ನಾವು ಮಾತಾಡಿದ್ದು ಉರ್ದುವಿನಲ್ಲಿ, ಕನ್ನಡದಲ್ಲಿ ಬರೆದಾಗ ಅವಮಾನ ಸ್ವಲ್ಪ ಕಡಿಮೆ ಕಾಣಿಸುತ್ತಿದೆ. ಸಾಲಿಗೆ ಸಾಲೇ ನಕ್ಕಿತು. ನನಗೆ ರೇಗಿತು. "ಬರೋ ಭಾನುವಾರ ನಮ್ಮನೆಗೆ ಬಾರಪ್ಪ. ನಿನ್ನ ಕಣ್ಮುಂದೆ ಎಂಟೂ ಮುಗಿಸ್ತೀನಿ" ಎಂದುಬಿಟ್ಟೆ. ಆದರೆ ಇಕ್ಬಾಲ್ ಹೇಳಿದ್ದು ನಿಜ. ಮೂರನೆಯ ಸ್ಟೇಜಿನಲ್ಲಿ ಒಂದು ಮುರುಕು ಸೇತುವೆಯಿದೆ. ನನ್ನ ಸಿಪಾಯಿಗಳೆಲ್ಲ ಅಲ್ಲೇ ನೀರುಪಾಲು.

ನನ್ನ ಮಾನ ಉಳಿಸಿದವನು ಟೀವಿ ರಿಪೇರಿಯ ನಾರಾಯಣಪ್ಪ. "ಅಯ್ಯೋ ರಾಮಾ, ಇಷ್ಟೇನಾ ಸಾರ್!" ಎಂದು ಮೇಜಿನ ಡ್ರಾಯರಿನಿಂದ ಕಪ್ಪು ಡಬ್ಬಿಯೊಂದನ್ನು ತೆಗೆದ. ದುಬೈಯಿಂದ ಬಂದ ಗಿರಾಕಿಯೊಬ್ಬರು ಕೊಟ್ಟು ಹೋದದ್ದಂತೆ. ಅದರ ಚರಿತ್ರೆಯನ್ನೂ ಅವನೇ ಹೇಳಿದ. ಎಂಬತ್ತರ ದಶಕದಲ್ಲಿ ಹೊರದೇಶದ ಕಿಲಾಡಿಗಳು ಮನೆ ಕಂಪ್ಯೂಟರಿನ ನೆನಪಿನೊಳಕ್ಕೇ ಕೈ ಹಾಕಿ, ಮೂರು ಲೈಫು ಎಂದಿದ್ದ ಕಡೆ ದೊಡ್ಡ ಅಂಕಿ ಬರೆದು ಆಡುತ್ತಿದ್ದರಂತೆ. ಅದು ಎಲ್ಲರ ಕೈಲಾಗುವ ಕೆಲಸವಲ್ಲವೆಂದು ಆಮೇಲೆ ಇಂಗ್ಲೆಂಡಿನವರು ಈ ಡಬ್ಬಿ ಮಾಡಿದರಂತೆ. ಕ್ಯಾಸೆಟ್ಟಿಗೂ ಯಂತ್ರಕ್ಕೂ ನಡುವೆ ಇದನ್ನು ಸಿಕ್ಕಿಸಿ, ಪರದೆಯ ಮೇಲೆ ನಾಲ್ಕಾರು ಇಂಗ್ಲಿಷ್ ಅಕ್ಷರ ಒತ್ತಿದರೆ ಸಾಕು. ಎಷ್ಟು ಲೈಫು ಉಳಿದಿದೆಯೆಂದು ಆಟ ಕೇಳಿದಾಗಲೆಲ್ಲ ಡಬ್ಬಿ ನಡುವೆ ಬಾಯಿ ಹಾಕಿ, ಮೂರೆಂದೇ ಸುಳ್ಳು ಉತ್ತರ ಹೇಳುತ್ತದೆ. ಆಟದ ಯಂತ್ರದ ಕಂಪನಿ ಸಿಟ್ಟಾಗಿ ಅಮೆರಿಕದಲ್ಲಿ ಕೋರ್ಟಿಗೂ ಹೋಯಿತಂತೆ. ಕೋರ್ಟು ಡಬ್ಬಿಯ ಪರವೇ ನಿಂತಿತಂತೆ. ಅಮೆರಿಕದ ನ್ಯಾಯಾಧೀಶರೇ ಒಪ್ಪಿದ್ದನ್ನು ತಪ್ಪೆನ್ನಲು ಶಿಡ್ಲಘಟ್ಟದ ಮೇಷ್ಟ್ರು ಯಾರು? ಡಬ್ಬಿ ತಂದೆ. ಗುಪ್ತಾಕ್ಷರಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಕಾಲುಚೀಲದಲ್ಲಿಟ್ಟುಕೊಂಡೆ. ಇಷ್ಟು ವರ್ಷ ಹುಡುಗರಿಂದ ಕಲಿತದ್ದು ವ್ಯರ್ಥವಾಗಬಾರದಲ್ಲ!

ಅಮ್ಮಿ ರೇಷ್ಮೆ ಬಿಚ್ಚಾಣಿಕೆಯಲ್ಲಿ ಮೂವತ್ತು ವರ್ಷ ಕೂತವಳು. ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಕಣ್ಣು ಅವಳದು. ಡಬ್ಬಿ ಕಾಣದೇ ಇರುತ್ತದೆಯೇ? "ಇದೇನು ಬೇಟಾ ಹೊಸದು?" ಎಂದಳು. "ಇದು ಹಾಕಿದ್ರೆ ಆಡೋರು ಸೋಲೋದೇ ಇಲ್ಲ ಅಮ್ಮಿ" ಎಂದೆ. ತಾಯಿಗೆ ಸುಳ್ಳು ಹೇಳುವಷ್ಟು ಕೆಳಗೆ ನಾನು ಇಳಿದಿರಲಿಲ್ಲ. ಅವಳು "ಅಚ್ಛಾ" ಎಂದು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆಯೇ ಡಬ್ಬಿ ಸಿಕ್ಕಿಸಿ, ಅಕ್ಷರ ಒತ್ತಿ, ಆಟವನ್ನು ಸಿದ್ಧವಾಗಿಟ್ಟೆ. ಯಂತ್ರ ಆರಿಸಿದರೆ ಮಂತ್ರ ಮರೆತುಹೋಗುತ್ತದೆ. ಹಾಗಾಗಿ ಟೀವಿಯನ್ನು ಮಾತ್ರ ಆರಿಸಿ, ಯಂತ್ರದ ಮೇಲೆ ಕಸೂತಿ ಬಟ್ಟೆ ಹೊದಿಸಿದೆ. ಧೂಳು ಬೀಳಬಾರದೆಂದು ಯಾರು ಬೇಕಾದರೂ ಹೊದಿಸುವಂಥದ್ದೇ. ಇಕ್ಬಾಲ್ ಬಂದ, ಚಿಕ್ಕಮ್ಮ ಬಂದಳು, ಅವಳ ಹಿಂದೆ ಅರ್ಧ ಗೌರಿಬಿದನೂರೇ ಬಂತು. ಊಟವಾಯಿತು. ನಾನು ಗಂಟಲು ಸರಿಮಾಡಿಕೊಂಡು ಟೀವಿ ಹಾಕಿ, ಆಟದ ರಿಮೋಟಿಗೆ ಕೈ ಚಾಚಿದೆ.

"ಏನು ಮಾಡ್ತಿದ್ದೀಯಾ?" ಎಂದಳು ಅಮ್ಮಿ. "ಮೆಹಮಾನ್ ಕೂತಿರೋವಾಗ ನೀನು ಮೊದ್ಲು ಆಡ್ತೀಯಾ? ನಾಚಿಕೆ ಆಗಲ್ವಾ? ಅವನಿಗೆ ಕೊಡು."

ಕೊಟ್ಟೆ. ಬೇರೇನು ಮಾಡಲಿ? ನಮ್ಮ ಮನೆಯಲ್ಲಿ ಅತಿಥಿಗೆ ಬಡಿಸದೆ ಮನೆಯವರು ತಟ್ಟೆ ಮುಟ್ಟಿದ್ದಿಲ್ಲ. ಇಕ್ಬಾಲನ ಸಿಪಾಯಿ ನೀರಿಗೆ ಬಿದ್ದ, ಎದ್ದ. ಗುಂಡು ತಿಂದ, ಎದ್ದ. "ಇದೇನು ಭಾಯ್, ಎಷ್ಟು ಸಲ ಸತ್ರೂ ಮೂರೇ ಲೈಫ್ ತೋರಿಸ್ತಿದೆ?" ಎಂದ. ಜನ್ಮದಲ್ಲಿ ಲೆಕ್ಕ ತಪ್ಪದ ನಾನು, "ಹಳೇ ಮೆಷಿನ್ನು ಕಣೋ, ಎಣಿಸೋದು ಮರೀತದೆ" ಎಂದೆ. ಅವನು ಸಾಯುವವರೆಗೆ ನನ್ನ ಪಾಳಿಯಿಲ್ಲ. ಅವನು ಸಾಯದಂತೆ ನಾನೇ ಏರ್ಪಾಡು ಮಾಡಿದ್ದೆ. ಕರೆಂಟಾದರೂ ಹೋಗಲೆಂದು ಬೇಡಿಕೊಂಡೆ. ದಿನವೂ ಹೋಗುತ್ತಿದ್ದ ಕರೆಂಟು ಅಂದು ಅಲುಗಾಡಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಎಂಟನೆಯ ಸ್ಟೇಜು ಮುಗಿದು, ಪರದೆಯ ಮೇಲೆ ಪಟಾಕಿ ಸಿಡಿದವು. ಚಿಕ್ಕಮ್ಮ ಮಗನಿಗೆ ದೃಷ್ಟಿ ತೆಗೆದಳು. ಚಪ್ಪಾಳೆ ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ.

ಬಸ್ಸು ಹತ್ತುವಾಗ ಇಕ್ಬಾಲ್ ನನ್ನನ್ನು ತಬ್ಬಿಕೊಂಡ. "ನಿಮ್ಮ ಮೆಷಿನ್ ತುಂಬಾ ಒಳ್ಳೇದು ಭಾಯ್. ನಮ್ಮನೇದು ಸುಮ್ಮಸುಮ್ಮನೆ ಸಾಯಿಸ್ತದೆ" ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನೆಂದೂ ಕಂಡಿರಲಿಲ್ಲ. ಹೊಟ್ಟೆಯುರಿಯ ನಡುವೆಯೂ ನನಗೆ ಒಂಥರಾ ಹೆಮ್ಮೆಯೆನಿಸಿದ್ದು ಸುಳ್ಳಲ್ಲ.

ಮನೆಗೆ ಬಂದರೆ ಅಮ್ಮಿ ಡಬ್ಬಿಯನ್ನು ಬಿಚ್ಚಿ ಸೆರಗಿನಿಂದ ಒರೆಸುತ್ತಿದ್ದಳು. "ಎಂಥಾ ಒಳ್ಳೇ ಸಾಮಾನು ತಂದಿದ್ದೀಯಾ ಬೇಟಾ! ಹುಡುಗ ಎಷ್ಟು ಖುಷಿಯಾಗಿ ಹೋದ! ಇನ್ಮೇಲೆ ಮೆಹಮಾನ್ ಬಂದಾಗ ಮಾತ್ರ ತೆಗೆಯಣ. ದಿನಾ ಬಳಸಿ ಹಾಳು ಮಾಡ್ಬೇಡ" ಎಂದು ಗಾಜಿನ ಕಪಾಟಿನಲ್ಲಿ, ನಾವು ಯಾರೂ ಇಂದಿಗೂ ಚಹಾ ಕುಡಿಯದ ಚಿನ್ನದಂಚಿನ ಕಪ್ಪುಗಳ ಪಕ್ಕದಲ್ಲಿ ಇಟ್ಟು ಬೀಗ ಹಾಕಿದಳು. ಬೀಗದ ಕೈ ಅವಳ ಸೊಂಟದಲ್ಲಿ.

ಲೋಕದಲ್ಲಿ ಈ ಡಬ್ಬಿಯನ್ನು ಎಲ್ಲರೂ ತಾವು ಗೆಲ್ಲಲೆಂದು ಕೊಂಡರು. ಬಂದವರು ಗೆದ್ದು ಹೋಗಲಿ ಎಂದು ಇಟ್ಟುಕೊಂಡ ಮನೆ ನಮ್ಮದೊಂದೇ ಇರಬೇಕು. ಅದರ ಚರಿತ್ರೆ ಬರೆಯುವವರು ಈ ಮಾತನ್ನು ಸೇರಿಸಿದರೆ ನನ್ನ ಅಡ್ಡಿಯಿಲ್ಲ. ನನ್ನ ಸಿಪಾಯಿಗಳು ಮಾತ್ರ ಇನ್ನೂ ಆ ಮುರುಕು ಸೇತುವೆಯ ಕೆಳಗೇ ಇದ್ದಾರೆ. ನಮ್ಮ ಮನೆಗೆ ನಾನೇ ಒಂದು ಸಲ ಅತಿಥಿಯಾಗಿ ಬರುವ ದಾರಿಯಿದ್ದಿದ್ದರೆ ಎಂದೋ ದಾಟಿಸಿಬಿಡುತ್ತಿದ್ದೆ.