ವೇಲ್ಸ್ ದೇಶದ ಕಾರ್ನರ್ ಸೈಟು

ಹೆಚ್ಚು ಓದದ ನಮ್ಮಂಥವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಎದುರಿನವರು ಹೇಳಿದ್ದು ಅರ್ಥವಾಗದಿದ್ದರೆ ಹಾಗೆಂದರೇನು ಎಂದು ಕೇಳುವುದಿಲ್ಲ, ‘ಹೂಂ’ ಅಂದುಬಿಡುತ್ತೇವೆ. ಕೇಳಿದರೆ ನಮಗೆ ಗೊತ್ತಿಲ್ಲವೆಂಬುದು ಅವರಿಗೆ ಗೊತ್ತಾಗುತ್ತದಲ್ಲ, ಅದೇ ಭಯ. ಬ್ಯಾಂಕಿನಲ್ಲಿ ಹೂಂ, ಆಸ್ಪತ್ರೆಯಲ್ಲಿ ಹೂಂ. ಮಗಳ ಸ್ಕೂಲಿನಲ್ಲಿ ಮಿಸ್ಸು ಇಂಗ್ಲಿಷಿನಲ್ಲಿ ಏನೋ ಕೇಳಿದಾಗಲೂ ಹಾಗೇ ಹೂಂ ಅಂದು ಬಂದೆ. ಅದರಿಂದ ಮಗಳು ಫ್ಯಾನ್ಸಿ ಡ್ರೆಸ್ಸಿನಲ್ಲಿ ಬದನೆಕಾಯಿ ಆಗಬೇಕಾಯಿತು. ಆ ಬದನೆಕಾಯಿಯನ್ನು ಹೊಲಿದವನೂ ನಾನೇ, ಆಟೋ ಸೀಟಿನ ರೆಕ್ಸಿನ್‌ನಲ್ಲಿ. ಮಗು ಸ್ಟೇಜಿನ ಮೇಲೆ ಕೂತುಕೊಳ್ಳಲಾಗದೆ, ಬಗ್ಗಲಾಗದೆ, ಬಹುಮಾನ ಕೊಟ್ಟವರಿಗೆ ಕೈ ಮುಗಿಯಲೂ ಆಗದೆ ನೆಟ್ಟಗೆ ನಿಂತಿತ್ತು. ಇಟ್ಟಮಡುವಿನಲ್ಲಿ ನನ್ನದೊಂದು ಸೀಟ್ ಕವರ್ ಹೊಲಿಯುವ ಅಂಗಡಿ. ಎಂಟನೇ ಕ್ಲಾಸಿಗೇ ಪುಸ್ತಕ ಮಡಿಚಿಟ್ಟವನು ನಾನು. ನಮ್ಮ ಮನೆಗೆ ಬರಬೇಕಾಗಿದ್ದ ವಿದ್ಯೆಯನ್ನೆಲ್ಲ ನನ್ನ ಅಕ್ಕನೇ ಹೊತ್ತುಕೊಂಡು ಬ್ರಿಟನ್‌ಗೆ ಹೋದಳು.

ಮಂಗಳಕ್ಕ ನರ್ಸು. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಅವಳಿಗೆ ಕೆಲಸ. ನಮ್ಮ ಪರಮೇಶ ಭಾವ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಾರೆ. ಕೊರೊನಾ ಬಂದ ವರ್ಷ ಅವಳು ಅಲ್ಲಿ, ನಾನು ಇಲ್ಲಿ, ಭಾನುವಾರ ಸಂಜೆಯ ಫೋನು ಮಧ್ಯದಲ್ಲಿ. ನನ್ನ ಅಂಗಡಿಯ ಬಾಗಿಲು ಮುಚ್ಚಿತ್ತು. ಆಟೋಗಳೇ ಓಡದ ಕಾಲದಲ್ಲಿ ಅವುಗಳ ಸೀಟು ಹರಿಯುವುದು ಎಲ್ಲಿಂದ? ಮನೆಯಲ್ಲಿ ಕೂತು ಕೂತು, ಅಕ್ಕನ ಫೋನಿಗೆ ಕಾಯುವುದೇ ಒಂದು ಉದ್ಯೋಗವಾಗಿತ್ತು. ಮೊದಮೊದಲು ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಅಲ್ಲಿಯ ಬೇಸಿಗೆ ಮುಗಿಯುತ್ತ ಬಂದಂತೆ, ಕಟ್ಟುನಿಟ್ಟು ಸ್ವಲ್ಪ ಸಡಿಲವಾದ ಮೇಲೆ, ಒಂದು ದಿನ ದನಿ ಚುರುಕಾಗಿತ್ತು. ಹಳೆಯ ವ್ಯಾನೊಂದನ್ನು ಕೊಂಡಿದ್ದರಂತೆ. ಸೀಟು ಮಡಿಚಿದರೆ ಹಾಸಿಗೆ, ಹಿಂದುಗಡೆ ಪುಟ್ಟ ಒಲೆ, ಸಿಂಕು. ಭಾವ ವಿಭೂತಿ ಹಚ್ಚಿಕೊಂಡು ಅದಕ್ಕೆ ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದರಂತೆ. ಎದುರುಮನೆಯ ಅಜ್ಜಿ ಅದನ್ನು ಕಿಟಕಿಯಿಂದ ನೋಡಿ, ಅಯ್ಯೋ ಇವರ ಹಣ್ಣು ಜಜ್ಜಿಹೋಯಿತಲ್ಲ ಎಂದು ಮಾರನೆಯ ದಿನ ಬೇರೆ ನಿಂಬೆಹಣ್ಣು ತಂದು ಬಾಗಿಲ ಹತ್ತಿರ ಇಟ್ಟುಹೋದಳಂತೆ. ನಾನು ನಕ್ಕೆ. ಭಾವ ಗೋದಾಮಿನ ಕೆಲಸದ ಜೊತೆಗೆ ಬಾಡಿಗೆ ಹೊಡೆಯಲು ವ್ಯಾನ್ ತೆಗೆದಿರಬೇಕು ಅಂದುಕೊಂಡೆ. ಬಾಡಿಗೆ ಗಾಡಿಯಲ್ಲಿ ಒಲೆ ಯಾಕೆ ಎಂದು ಕೇಳಲಿಲ್ಲ.

ಮುಂದಿನ ಭಾನುವಾರ ಅವಳು ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು.

“ಲೋಕಿ, ಈ ವಾರ ವೇಲ್ಸಲ್ಲಿ ಒಂದು ಸೈಟ್ ತಗೊಂಡ್ವಿ ಕಣೋ. ಎಷ್ಟ್ ಚೆನ್ನಾಗಿದೆ ಗೊತ್ತಾ? ನೀರು, ಕರೆಂಟು ಎಲ್ಲಾ ಇದೆ. ಎದುರಿಗೇ ಸಮುದ್ರ.”

ಬೆಂಗಳೂರಿನವನಿಗೆ ಸೈಟ್ ಅಂದರೆ ಏನು ಅಂತ ನಾನು ನಿಮಗೆ ಹೇಳಬೇಕೇ? ನಾವು ಹುಟ್ಟಿದಾಗ ಅಮ್ಮ ಅನ್ನುತ್ತೇವೆ, ಆಮೇಲೆ ಅಪ್ಪ, ಅದಾದ ಮೇಲೆ ಸೈಟು. ನಾನು ಗಂಟಲು ಸರಿಮಾಡಿಕೊಂಡು, ತಿಳಿದವನ ಹಾಗೆ, ಕಾರ್ನರ್ರಾ ಎಂದು ಕೇಳಿದೆ. ಹೂಂ, ಮೂಲೇಲೇ ಇದೆ, ಅಕ್ಕಪಕ್ಕದೋರ ಕಾಟ ಇಲ್ಲ ಅಂದಳು. ಯಾವ ದಿಕ್ಕು ಅಂದೆ. ಬೆಳಗಿನ ಬಿಸಿಲು ನೇರವಾಗಿ ಮುಖಕ್ಕೇ ಬೀಳುತ್ತೆ ಅಂದಳು. ಪೂರ್ವಕ್ಕೆ ಬಾಗಿಲು, ಕಾರ್ನರ್ರು, ನೀರು, ಕರೆಂಟು, ಸಮುದ್ರ! ಫೋನಿಟ್ಟು ಗಿರಿಜಾಳ ಮುಖ ನೋಡಿದೆ. ಗಿರಿಜಾ ನನ್ನ ಹೆಂಡತಿ. ನಾವಿರುವುದು ಬಾಡಿಗೆ ಮನೆ, ಬೆಳಗಿನ ಬಿಸಿಲು ಹಾಗಿರಲಿ, ಮಧ್ಯಾಹ್ನದ ಬಿಸಿಲೂ ನಮ್ಮ ಓನರನ್ನು ಕೇಳಿಯೇ ಒಳಗೆ ಬರುತ್ತದೆ.

ಅದೊಂದಕ್ಕೇ ನಿಂತಿದ್ದರೆ ನಾನು ಸಂತೋಷವನ್ನೇ ಪಟ್ಟಿರುತ್ತಿದ್ದೆ. ಆದರೆ ವಾರ ಬಿಟ್ಟು ವಾರ ಸೈಟಿನ ಸುದ್ದಿ. ಕಾರ್ನ್‌ವಾಲ್‌ನಲ್ಲಿ ಗುಡ್ಡದ ಮೇಲೊಂದು. ಯಾರ್ಕ್‌ಷೈರಿನಲ್ಲಿ ತೊರೆಯ ಪಕ್ಕ, ಸುತ್ತ ಕುರಿಗಳು. ಸ್ಕಾಟ್ಲೆಂಡಿನಲ್ಲಿ ಸೈಟ್ ಸಿಗುವುದೇ ಕಷ್ಟವಾಗಿದೆ, ವಿದೇಶಕ್ಕೆ ಹೋಗುವ ಹಾಗಿಲ್ಲವಾದ್ದರಿಂದ ಜನರೆಲ್ಲ ಇದಕ್ಕೇ ಬಿದ್ದಿದ್ದಾರೆ ಎಂದೂ ಹೇಳಿದಳು. ಪ್ರಪಂಚ ಎಲ್ಲ ಕಡೆಯೂ ಒಂದೇ ಅನ್ನಿಸಿತು. ಫೋಟೋಗಳು ಬರುತ್ತಿದ್ದವು. ಹುಲ್ಲಿನ ಮೇಲೆ ವ್ಯಾನು, ಮಡಿಚುವ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡ ಅಕ್ಕ, ಹಗ್ಗದ ಮೇಲೆ ಭಾವನ ಪ್ಯಾಂಟು. ನಾನು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಗಡಿಕಲ್ಲು ಹುಡುಕುತ್ತಿದ್ದೆ. ಒಂದರಲ್ಲೂ ಕಾಣುತ್ತಿರಲಿಲ್ಲ. ಅಕ್ಕ ಓದಿದವಳಾದರೂ ವ್ಯವಹಾರ ತಿಳಿಯದವಳು, ವೇಲ್ಸ್‌ನ ಸೈಟು ಎ ಖಾತೆಯೋ, ಕಾಗದಪತ್ರ ನೆಟ್ಟಗಿಲ್ಲದ ಬಿ ಖಾತೆಯೋ ವಿಚಾರಿಸಿದ್ದಾಳೋ ಇಲ್ಲವೋ ಎಂದು ಚಿಂತೆ ಹತ್ತಿತು.

ಗಿರಿಜಾಗೆ ಮೊದಲಿನಿಂದಲೂ ಅನುಮಾನ. ಅಷ್ಟೊಂದು ಸೈಟ್ ಇಟ್ಟುಕೊಂಡವರು ವ್ಯಾನಿನಲ್ಲಿ ಯಾಕೆ ಮಲಗುತ್ತಾರೆ ಎಂದು ಕೇಳಿದಳು. ನಾನು ಅವಳ ಅಜ್ಞಾನಕ್ಕೆ ಮರುಗಿ ವಿವರಿಸಿದೆ. ಸೈಟು ತೆಗೆದುಕೊಂಡು ಸುಮ್ಮನೆ ಬಿಟ್ಟರೆ ಏನಾಗುತ್ತದೆ? ಇವತ್ತು ಒಬ್ಬ ಎಮ್ಮೆ ಕಟ್ಟುತ್ತಾನೆ, ನಾಳೆ ಇನ್ನೊಬ್ಬ ಇಸ್ತ್ರಿ ಗಾಡಿ ನಿಲ್ಲಿಸುತ್ತಾನೆ, ನಾಡಿದ್ದು ಯಾರೋ ಒಂದು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ. ಆಮೇಲೆ ಯಾವ ಲಾಯರೂ ಆ ಕಲ್ಲನ್ನು ಎಬ್ಬಿಸಲಾರ. ಅದಕ್ಕೇ ಗಂಡ ಹೆಂಡತಿ ಒಂದೊಂದು ರಾತ್ರಿ ಒಂದೊಂದು ಸೈಟಿನಲ್ಲಿ ಮಲಗಿ ಕಾವಲು ಕಾಯುತ್ತಿದ್ದಾರೆ. ಗಿರಿಜಾ, “ನಿಮ್ಮ ತಲೇನ ಒಂದ್ಸಲ ಬಿಚ್ಚಿ ಸ್ಪಂಜು ಬದಲಾಯಿಸ್ಬೇಕು ಕಣ್ರೀ” ಅಂದು ಒಳಗೆ ಹೋದಳು.

ಇಷ್ಟಾಗಿದ್ದರೆ ಇದು ಬರಿಯ ದಡ್ಡತನದ ಕಥೆ. ದಡ್ಡತನಕ್ಕೆ ನಾನು ನಾಚುವ ಕಾಲ ಎಂದೋ ಮುಗಿದಿದೆ. ನಾಚಬೇಕಾದ ಸಂಗತಿ ಬೇರೆ ಇದೆ. ನಮ್ಮಪ್ಪ ಸಾಯುವ ಮೊದಲು ಸುಬ್ರಹ್ಮಣ್ಯಪುರದಲ್ಲಿ ಒಂದು ಥರ್ಟಿ ಫಾರ್ಟಿ ಸೈಟು ತೆಗೆದು ನಮ್ಮಿಬ್ಬರ ಹೆಸರಿಗೂ ಸಮನಾಗಿ ಮಾಡಿಟ್ಟಿದ್ದರು. ಅರ್ಧ ಅಕ್ಕನದು, ಅರ್ಧ ನನ್ನದು. ಅಕ್ಕ ಅದರ ಮಾತನ್ನೇ ಎತ್ತುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ, ಆದರೆ ಮನಸ್ಸಿನಲ್ಲಿ ಅವಳ ಅರ್ಧದಲ್ಲಿ ಎಷ್ಟೋ ವರ್ಷದಿಂದ ನನ್ನ ಅಡುಗೆಮನೆ, ಸ್ನಾನದ ಮನೆ, ಗಾಡಿ ನಿಲ್ಲಿಸುವ ಜಾಗ ಎಲ್ಲ ಕಟ್ಟಿಯಾಗಿತ್ತು. ವೇಲ್ಸ್‌ನ ಸುದ್ದಿ ಬಂದ ಮೇಲೆ ಆ ಮನೆಗೆ ಮಹಡಿಯೂ ಎದ್ದಿತು. ಸಮುದ್ರದೆದುರು ಕಾರ್ನರ್ ಸೈಟು ಇರುವವಳಿಗೆ ಸುಬ್ರಹ್ಮಣ್ಯಪುರದ ಪಾರ್ಥೇನಿಯಂ ಗಿಡ ಯಾಕೆ ಬೇಕು? ಒಂದು ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು ಸೈಟಿಗೆ ಹೋಗಿ ನಿಂತೆ. ಯಾವ ಕಡೆಯಿಂದ ನೋಡಿದರೂ ಅಕ್ಕನ ಅರ್ಧವೇ ಚೆನ್ನಾಗಿ ಕಂಡಿತು.

ಆ ಭಾನುವಾರ ಫೋನು ಬಂದಾಗ, ಬಚ್ಚಲಲ್ಲಿ ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು ಆಡಿಯೇಬಿಟ್ಟೆ.

“ಅಕ್ಕ, ನಿಂಗೆ ಅಲ್ಲಿ ಅಷ್ಟೊಂದು ಸೈಟ್ ಇದಾವಲ್ಲ. ಸುಬ್ರಹ್ಮಣ್ಯಪುರದ್ದು ನಂಗೇ ಬಿಟ್ಬಿಡು.”

“ಯಾವ ಸೈಟ್?”

ನಾನು ಒಂದೊಂದಾಗಿ ಹೇಳಿದೆ. ವೇಲ್ಸ್‌ನ ಕಾರ್ನರ್ರು, ಕಾರ್ನ್‌ವಾಲ್‌ನ ಗುಡ್ಡ, ಯಾರ್ಕ್‌ಷೈರಿನ ಕುರಿ. ಕುರಿಗೆ ಬರುವಷ್ಟರಲ್ಲಿ ಆ ಕಡೆ ಭಾವ ನಗುವುದು ಕೇಳಿಸಿತು. ಸ್ಪೀಕರ್ ಹಾಕಿದ್ದರು. ಭಾವ ಎಷ್ಟು ನಕ್ಕರೆಂದರೆ ವ್ಯಾನು ಅಲ್ಲಾಡಿ ಯಾವುದೋ ಪಾತ್ರೆ ಕೆಳಗೆ ಬಿತ್ತು. ಅಕ್ಕ ಮಾತ್ರ ನಗಲಿಲ್ಲ.

“ಅದು ರಾತ್ರಿ ವ್ಯಾನ್ ನಿಲ್ಸೋ ಜಾಗ ಕಣೋ” ಅಂದಳು. “ಬಾಡಿಗೆಗೆ ಕೊಡ್ತಾರೆ. ಬೆಳಿಗ್ಗೆ ಎದ್ದು ಕರೆಂಟ್ ವೈರ್ ಸುತ್ಕೊಂಡು ಖಾಲಿ ಮಾಡ್ಬೇಕು. ಅದಕ್ಕೂ ಇಲ್ಲಿ ಸೈಟ್ ಅಂತಾನೇ ಅಂತಾರೆ.”

ಅವಳೇ ಮುಂದುವರಿದಳು. ತಾನು ನೋಡಿಕೊಳ್ಳುತ್ತಿದ್ದ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಆ ವರ್ಷ ಹೋಗಿಬಿಟ್ಟರಂತೆ. ಅವರ ಮಕ್ಕಳು ಒಳಗೆ ಬರುವಂತಿರಲಿಲ್ಲ, ಕಿಟಕಿಯ ಹೊರಗೆ ನಿಂತು ಗಾಜು ಮುಟ್ಟಿ ಹೋಗುತ್ತಿದ್ದರಂತೆ. ಕೆಲಸ ಮುಗಿಸಿ ಮನೆಗೆ ಬಂದರೆ ನಾಲ್ಕು ಗೋಡೆ ನೋಡಲು ಆಗುತ್ತಿರಲಿಲ್ಲವಂತೆ. ಅದಕ್ಕೇ ಭಾವ ಈ ವ್ಯಾನ್ ಹುಡುಕಿದ್ದು. ಯಾರ ಹತ್ತಿರವೂ ಹೋಗದೆ, ಯಾರಿಗೂ ಏನೂ ಅಂಟಿಸದೆ, ಆಕಾಶ ನೋಡಬಹುದು ಅಂತ. ಆಮೇಲೆ ಬಹಳ ಮೆಲ್ಲಗೆ ಅಂದಳು: “ಇಲ್ಲಿ ನಾವಿರೋದೂ ಬಾಡಿಗೆ ಮನೆ ಲೋಕಿ. ಭೂಮಿ ಮೇಲೆ ನಂದು ಅಂತ ಇರೋದು ಅಪ್ಪ ಕೊಟ್ಟಿದ್ದ ಅರ್ಧ ಸೈಟು, ಅಷ್ಟೇ.”

ಫೋನು ಕಟ್ಟಾಯಿತು. ಅವಳೇ ಕಟ್ ಮಾಡಿದಳೋ, ತಾನೇ ಹೋಯಿತೋ ತಿಳಿಯಲಿಲ್ಲ.

ಮುಂದಿನ ಭಾನುವಾರ ಫೋನು ಬರಲಿಲ್ಲ. ನಾನೇ ಮಾಡಿದೆ, ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಆ ವರ್ಷ ಒಬ್ಬರ ಫೋನು ಸಿಗದಿದ್ದರೆ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತಿತ್ತು ಎಂದು ನಿಮಗೂ ನೆನಪಿರಬಹುದು. ಕೋಪ ಮಾಡಿಕೊಂಡಿದ್ದಾಳೆ ಎಂದುಕೊಂಡರೆ ಸ್ವಲ್ಪ ಸಮಾಧಾನ, ಕೋಪವಲ್ಲದೆ ಬೇರೇನಾದರೂ ಆಗಿದ್ದರೆ ಎಂದುಕೊಂಡರೆ ಮತ್ತೆ ಫೋನಿಗೆ ಕೈ. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದ ಅಕ್ಕನೊಂದಿಗೆ ನಾನು ಕಡೆಯದಾಗಿ ಕೇಳಿದ್ದು ‘ಬಿಟ್ಬಿಡು’ ಎಂದಾಗಿಬಿಟ್ಟರೆ? ಊಟ ಸೇರಲಿಲ್ಲ. ದಿನವೂ ನನ್ನನ್ನು ‘ಸೈಟಿನ ಸಾಹುಕಾರ್ರೇ’ ಎಂದು ಕರೆದು ತಟ್ಟೆ ಇಡುತ್ತಿದ್ದ ಗಿರಿಜಾ ಕೂಡ ಆಮೇಲೆ ಹಾಗೆ ಕರೆಯುವುದನ್ನು ಬಿಟ್ಟಳು. ಅವಳು ಹಂಗಿಸುವುದನ್ನು ನಿಲ್ಲಿಸಿದ ಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು.

ವಾರದ ಮಧ್ಯೆ, ನಾನು ಬೀನ್ಸ್ ಮುರಿಯುತ್ತ ಕೂತಿದ್ದಾಗ, ಅಕ್ಕನ ಹೆಸರು ಫೋನಿನಲ್ಲಿ ಮಿನುಗಿತು. ಎತ್ತಿಕೊಂಡು, ಮೂಗು ಒರೆಸಿಕೊಂಡು, ಅಕ್ಕಾ ಅಂದೆ.

“ಲೋಕಿ, ಸ್ಕಾಟ್ಲೆಂಡಲ್ಲಿ ಬೆಟ್ಟದ ಸಂದೀಲಿದ್ವಿ ಕಣೋ, ನೆಟ್‌ವರ್ಕೇ ಇರ್ಲಿಲ್ಲ. ಅದರ ಮೇಲೆ ವ್ಯಾನ್ ಬೇರೆ ಕೆಟ್ಟು ಕೂತಿತ್ತು. ಯಾಕೋ, ಅಳ್ತಾ ಇದೀಯಾ?”

ಈರುಳ್ಳಿ ಹೆಚ್ಚುತ್ತಿದ್ದೇನೆ ಅಂದೆ. ಪಕ್ಕದಲ್ಲಿದ್ದ ಗಿರಿಜಾ, ಬೀನ್ಸು ಅತ್ತಿಗೆ, ಬೀನ್ಸು ಎಂದು ಕೂಗಿ ಹೇಳಿದಳು. ಅಕ್ಕ ನಕ್ಕಳು. ಆ ನಗು ಕೇಳಿ, ಎದೆಯ ಮೇಲೆ ಕೂತಿದ್ದ ಯಾರೋ ಎದ್ದುಹೋದ ಹಾಗಾಯಿತು. ನಾನು ತಪ್ಪಾಯಿತು ಎಂದು ಶುರುಮಾಡುವ ಮೊದಲೇ ಅವಳು ತಡೆದಳು.

“ನೀನು ಕೇಳಿದ್ದನ್ನ ನಾನೂ ನಿಮ್ಮ ಭಾವನೂ ಮಾತಾಡಿದ್ವಿ. ನನ್ನ ಅರ್ಧ ನಾನು ಕೊಡಲ್ಲ ಕಣೋ. ನಿನ್ನ ಅರ್ಧದಲ್ಲಿ ನೀನು ಮನೆ ಕಟ್ಕೋ.”

ಯಾರಾದರೂ ಕೊಡಲ್ಲ ಅಂದಾಗ ನನಗೆ ಅಷ್ಟು ಹಿತವಾದದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ನನ್ನ ಅಕ್ಕನ ಒಳ್ಳೆಯತನ ನನಗೆ ಗೊತ್ತು. ತಗೋ ಅಂದುಬಿಟ್ಟಿದ್ದರೆ ನಾನು ತೆಗೆದುಕೊಂಡೂ ಬಿಡುತ್ತಿದ್ದೆ, ಜೀವನವಿಡೀ ಅವಳ ಮುಖ ನೋಡಲಾಗದೆ ಒದ್ದಾಡುತ್ತಲೂ ಇರುತ್ತಿದ್ದೆ. ಓದಿದವಳಲ್ಲವೇ, ತಮ್ಮನ ಯೋಗ್ಯತೆ ತಿಳಿದು ಸರಿಯಾದ ಉತ್ತರವನ್ನೇ ಕೊಟ್ಟಳು.

ಎರಡು ವರ್ಷ ಬಿಟ್ಟು ನನ್ನ ಅರ್ಧದಲ್ಲಿ ಮನೆ ಎದ್ದಿತು. ಹದಿನೈದು ಅಡಿ ಅಗಲ, ನಲವತ್ತು ಅಡಿ ಉದ್ದ. ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲಲ್ಲಿ ಯಾರು ಹಲ್ಲುಜ್ಜುತ್ತಿದ್ದಾರೆ ಎಂದು ಕಾಣುತ್ತದೆ. ಹಗಲು ಸೋಫಾ, ರಾತ್ರಿ ಅದೇ ಮಂಚ. ಮೆಟ್ಟಿಲ ಕೆಳಗೆ ಗ್ಯಾಸ್ ಒಲೆ. ನಾನೂ ಗಿರಿಜಾನೂ ಎದುರುಬದುರಾದರೆ ಒಬ್ಬರು ಅಡ್ಡಲಾಗಿ ತಿರುಗಿ ದಾರಿ ಬಿಡಬೇಕು. ಕಳೆದ ವರ್ಷ ಅಕ್ಕ ಭಾವ ಬಂದಿದ್ದರು. ಅಕ್ಕ ಮನೆಯೆಲ್ಲ ನೋಡಿದಳು, ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. “ನಮ್ಮ ವ್ಯಾನೇ ಇದು, ಚಕ್ರ ಒಂದಿಲ್ಲ ಅಷ್ಟೇ” ಅಂದಳು. ಮನೆಯ ಪಕ್ಕದಲ್ಲಿರುವ ಅವಳ ಅರ್ಧ ಹಾಗೇ ಖಾಲಿಯಾಗಿದೆ. ಇಬ್ಬರೂ ಅಲ್ಲಿ ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೆ ಟೀ ಕುಡಿಯುತ್ತ ಕೂತಿದ್ದರು. ನಮ್ಮ ಮನೆಗೆ ಸಿಗುವ ಗಾಳಿ ಬೆಳಕೆಲ್ಲ ಆ ಕಡೆಯ ಒಂದೇ ಕಿಟಕಿಯಿಂದ. ಅಕ್ಕ ಅಂದು ಕೊಟ್ಟಿದ್ದರೆ ಅದರ ಮೇಲೂ ಗೋಡೆ ಎಬ್ಬಿಸಿ ನಾವು ಈಗ ಹಗಲಲ್ಲೇ ಲೈಟು ಹಾಕಿಕೊಂಡು ಕೂತಿರುತ್ತಿದ್ದೆವು.

ಇದನ್ನೆಲ್ಲ ಬರೆದ ಮೇಲೆ ಬುದ್ಧಿ ಬಂದಿದೆ ಎಂದು ಹೇಳಿ ಮುಗಿಸಲು ನನಗೂ ಆಸೆ. ಆದರೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಕಿಟಕಿಯ ಹತ್ತಿರ ನಿಂತರೆ, ನೋಡುನೋಡುತ್ತಲೇ ನನ್ನ ಕಣ್ಣು ಅಲ್ಲೊಂದು ಸಣ್ಣ ಅಂಗಡಿ, ಇಲ್ಲೊಂದು ಬಾತ್‌ರೂಮು ಎಂದು ಅಳತೆ ಹಾಕಲು ಶುರುಮಾಡಿರುತ್ತದೆ. ಗಿರಿಜಾ ಬಂದು ಕಿಟಕಿಯ ಪರದೆ ಎಳೆದು ಹೋಗುತ್ತಾಳೆ.