ಬದುಕಿದ್ದಾರೆಂದು ಹೇಳಲು ಅನುಮತಿಯಿಲ್ಲ

ಪತ್ರಿಕೆಯವರು ತಪ್ಪು ಒಪ್ಪಿಕೊಳ್ಳುವುದಿಲ್ಲ ಎಂಬ ದೂರು ಹಿಂದಿನಿಂದಲೂ ಇದೆ. ಈ ದೂರನ್ನು ನಾನು ಖಂಡಿಸುತ್ತೇನೆ. ತಪ್ಪಾಯಿತು ಎಂದು ಎರಡು ಸಾಲು ಬರೆಯಲು ನನಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಆದರೆ ಬರೆದ ತಪ್ಪೊಪ್ಪಿಗೆಯನ್ನು ಪ್ರಕಟಿಸಲು ನನ್ನದೇ ಸುದ್ದಿತಾಣ ನನಗೆ ಅನುಮತಿ ನಿರಾಕರಿಸಿದರೆ ಏನು ಮಾಡಬೇಕೆಂದು ವೃತ್ತಿಯ ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ.

ತಪ್ಪು ಸಣ್ಣದೇನಲ್ಲ. ಗೋವಿನಕೋವಿಯ ಹನುಮಂತಪ್ಪ ಎಂಬ ಹಿರಿಯರು ತೀರಿಕೊಂಡಿದ್ದರು. ಆ ಸುದ್ದಿಗೆ ನಾನು ಅದೇ ಊರಿನ, ಅದೇ ಹೆಸರಿನ ಇನ್ನೊಬ್ಬರ ಫೋಟೊ ಹಾಕಿದ್ದೆ. ಫೋಟೊದ ಹನುಮಂತಪ್ಪನವರು ಬೆಳಗ್ಗೆ ಹೊನ್ನಾಳಿಯ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು ನನ್ನೆದುರು ಕೂತರು.

"ನೋಡ್ರಿ, ಹೆಂಗೈತೆ ಹೆಣ?" ಎಂದರು.

ನಾನು ಕ್ಷಮೆ ಕೇಳಿದೆ. ಅವರಿಗೆ ಕ್ಷಮೆ ಬೇಕಿರಲಿಲ್ಲ. ಅಂದು ಸಂಜೆ ಅವರ ಮಗಳ ನಿಶ್ಚಿತಾರ್ಥ. ಜಗಳೂರಿನ ಬೀಗರು ನಮ್ಮ ತಾಣದಲ್ಲಿ ಫೋಟೊ ನೋಡಿ, ಸೂತಕದ ಮನೆಗೆ ಬರುವುದು ಹೇಗೆಂದು ಕೂತುಬಿಟ್ಟಿದ್ದರು.

"ನೀವೇ ಫೋನ್ ಮಾಡಿ ಹೇಳಬಹುದಿತ್ತಲ್ಲ?"

"ಹೇಳ್ದೇ ಬಿಡ್ತೀನಾ? ಹುಡುಗನ ದೊಡ್ಡಪ್ಪ, 'ನೀನು ಅವನ ತಮ್ಮ ಇರಬೇಕು, ಸಾವು ಮುಚ್ಚಿಟ್ಟು ಕಾರ್ಯ ಮುಗಿಸಾಕೆ ನೋಡ್ತೀಯಾ?' ಅಂದ. ವಿಡಿಯೊ ಕಾಲ್ ಮಾಡ್ದೆ. 'ಈಗ ಸತ್ತೋರ್ನೂ ಕಂಪ್ಯೂಟರ್‌ನಾಗೆ ಮಾತಾಡಿಸ್ತಾರಂತೆ' ಅಂದ. ಪೇಪರ್‌ನೋರೇ ವಾಪಸ್ ತಗಂಡ್ರೆ ಹೊರಡ್ತಾರಂತೆ."

ನಾನೂ ಆ ದೊಡ್ಡಪ್ಪನಿಗೆ ಫೋನ್ ಮಾಡಿದೆ. "ನೀವು ಪೇಪರ್‌ನೋರೇ ಅನ್ನಾಕೆ ಏನ್ರೀ ಗ್ಯಾರಂಟಿ?" ಎಂದು ಕೇಳಿದರು. ಮೂಲವನ್ನು ಖಚಿತಪಡಿಸಿಕೊಳ್ಳುವ ಈ ಶಿಸ್ತಿನಲ್ಲಿ ಅರ್ಧದಷ್ಟು ನನಗಿದ್ದಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ತಿದ್ದುಪಡಿ ಬರೆದು ಗುಂಡಿ ಒತ್ತಿದೆ. 'ಅನುಮತಿ ನಿರಾಕರಿಸಲಾಗಿದೆ' ಎಂದು ಪರದೆ ಕೆಂಪಾಯಿತು. ಇಲ್ಲಿ ಸ್ವಲ್ಪ ವಿವರಣೆ ಬೇಕು. ನಮ್ಮ ಸುದ್ದಿತಾಣ ಈಗ ಕಂಟೇನರ್ ಎಂಬ ಪೆಟ್ಟಿಗೆಗಳಲ್ಲಿ ವಾಸಿಸುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ತಾಲ್ಲೂಕಿಗೊಂದು. ಅವನ್ನೆಲ್ಲ ನೋಡಿಕೊಳ್ಳಲು ಒಂದು ಮೇಸ್ತ್ರಿ ತಂತ್ರಾಂಶವಿದೆ. ಪೆಟ್ಟಿಗೆಯೊಂದು ಕೆಟ್ಟು ನಿಂತರೆ ಈ ಮೇಸ್ತ್ರಿ ತನ್ನಲ್ಲಿರುವ ಅಚ್ಚಿನಿಂದ ಅಂಥದ್ದೇ ಇನ್ನೊಂದನ್ನು ಕೂಡಲೇ ಎಬ್ಬಿಸಿ ನಿಲ್ಲಿಸುತ್ತದೆ. ಇದನ್ನು ದೊಡ್ಡ ಗುಣವೆಂದು ನಾನೇ ಮಾಲೀಕರಿಗೆ ವರ್ಣಿಸಿದ್ದೆ.

ತಾಂತ್ರಿಕ ಕೆಲಸ ನೋಡುವ ಶ್ರುತಿ ಕೆರೆಬಿಳಚಿಯ ತನ್ನ ಮನೆಯಿಂದಲೇ ಫೋನಿನಲ್ಲಿ ಜೊತೆಯಾದಳು. ಮೊದಲು ಗೋವಿನಕೋವಿಯ ಸುದ್ದಿಯಿದ್ದ ನ್ಯಾಮತಿಯ ಪೆಟ್ಟಿಗೆಯನ್ನೇ ಅಳಿಸಿದಳು. ಪುಟ ಮಾಯವಾಯಿತು. ಹನುಮಂತಪ್ಪನವರು ನಿಟ್ಟುಸಿರು ಬಿಡುವಷ್ಟರಲ್ಲಿ ಅದೇ ಪುಟ, ಅದೇ ಫೋಟೊ, ಅದೇ 'ನಿಧನ' ಎದ್ದು ನಿಂತಿತು. ಇನ್ನೊಮ್ಮೆ ಅಳಿಸಿದಳು. ಇನ್ನೊಮ್ಮೆ ಎದ್ದಿತು.

"ಅಲ್ರೀ, ಆ ಪೆಟ್ಟಿಗೆ ಎಷ್ಟು ಸಲ ಸತ್ರೂ ಎದ್ದು ಬರ್ತೈತಿ. ನಾನು ಒಂದು ಸಲನೂ ಸಾಯ್ದೆ ಇಲ್ಲಿ ಹೆಣ ಆಗಿ ಕುಂತೀನಿ!"

"ಅಚ್ಚು ಹಳೇದೇ ಐತೆ ಕಾಕಾ, ಅದನ್ನ ಬದಲಾಯಿಸಾಕೆ ಸರ್ ಅಕೌಂಟಿಗೆ ಪರ್ಮಿಷನ್ ಇಲ್ಲ. ಎಲ್ಲಿ ತಪ್ಪೈತೆ ಅಂತ ಹುಡುಕ್ಬೇಕು," ಎಂದಳು ಶ್ರುತಿ. ಆಮೇಲೆ ದನಿ ತಗ್ಗಿಸಿ, "ಸರ್, ಸದ್ಯಕ್ಕೆ ಎಲ್ಲರಿಗೂ ಎಲ್ಲಾ ಪರ್ಮಿಷನ್ ಕೊಟ್ಬಿಡ್ಲಾ? ತಟ್ಟನೆ ಆಗ್ತೈತೆ."

ಇಲ್ಲ ಎಂದೆ. ಅವಸರದಲ್ಲಿ ತೆರೆದ ಬಾಗಿಲನ್ನು ಯಾವ ಕಚೇರಿಯೂ ಮತ್ತೆ ಮುಚ್ಚಿದ್ದನ್ನು ನಾನು ವರದಿ ಮಾಡಿಲ್ಲ. ಒಬ್ಬರನ್ನು ಬದುಕಿಸಲು ನಾಲ್ಕು ತಾಲ್ಲೂಕಿನಲ್ಲಿ ಯಾರು ಯಾರನ್ನು ಬೇಕಾದರೂ ಸಾಯಿಸುವ ಹಕ್ಕು ಕೊಡಲಾರೆ. ಆ ಕೆಂಪು ಸಾಲಿಗೆ ಹೆದರಿ ಹಿಂಬಾಗಿಲಿನಿಂದ ನುಗ್ಗುವುದೂ ಇಲ್ಲ. ಸರಿಯಾದ ಬಾಗಿಲಲ್ಲೇ ನಿಂತು ಅದು ತೆರೆಯುವ ತನಕ ಬಡಿಯುತ್ತೇನೆ ಎಂದೆ. ಹೇಳುವಾಗ ಚೆನ್ನಾಗಿಯೇ ಇತ್ತು. ಆದರೆ ಎದುರಿಗಿದ್ದವರು ಗಡಿಯಾರ ನೋಡಿ, "ನಿಮ್ಮ ಶಿಸ್ತಿಗೆ ನನ್ನ ಮಗಳ ಉಂಗುರ ಅಡಾ ಇಡಬ್ಯಾಡ್ರಿ," ಎಂದರು.

ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಫೋನಿನಾಚೆ ಶ್ರುತಿ ಜೋರಾಗಿ ನಕ್ಕಳು. ಕಾರಣ ಸಿಕ್ಕಿತ್ತು. ಮೊದಲು ನ್ಯಾಮತಿಯ ಸುದ್ದಿ ಹೊನ್ನಾಳಿಯ ಪೆಟ್ಟಿಗೆಯಲ್ಲೇ ಇರುತ್ತಿತ್ತು. ನ್ಯಾಮತಿ ಬೇರೆ ತಾಲ್ಲೂಕಾಯಿತಲ್ಲ, ಅದಕ್ಕೂ ಸ್ವಂತ ಪೆಟ್ಟಿಗೆ ಬೇಕೆಂದು ಅಭಿಮಾನದಿಂದ ಮಾಡಿಸಿದವನು ನಾನೇ. ಸುದ್ದಿ, ಫೋಟೊ ಎಲ್ಲ ಅತ್ತ ಹೋದವು. ನನ್ನ ಅನುಮತಿ ಮಾತ್ರ ಹೊನ್ನಾಳಿಯಲ್ಲೇ ಉಳಿದಿತ್ತು. ಹೊಸ ಸುದ್ದಿ ತಾನಾಗಿ ಅಚ್ಚಿಗೆ ಸೇರುತ್ತದೆ, ಸೇರಿದ್ದನ್ನು ತಿದ್ದಲು ಮಾತ್ರ ಅನುಮತಿ ಬೇಕು; ಹೊಸ ಪೆಟ್ಟಿಗೆಯಲ್ಲಿ ಅಂಥ ಸಂದರ್ಭ ಅಂದಿನವರೆಗೆ ಬಂದಿರಲಿಲ್ಲ.

"ನಮ್ಮ ಪಹಣಿನೂ ಹಿಂಗೇ," ಎಂದರು ಹನುಮಂತಪ್ಪ. "ಅಲ್ಲಿಗೆ ಹೋದ್ರೆ ಇಲ್ಲಿ ಅಂತಾರೆ, ಇಲ್ಲಿಗೆ ಬಂದ್ರೆ ಅಲ್ಲಿ ಅಂತಾರೆ. ಕಂಪ್ಯೂಟರ್‌ಗೂ ನಮ್ಮೂರ ನೀರು ಹತ್ತೈತೆ ಬಿಡ್ರಿ."

ಶ್ರುತಿ ನನ್ನ ಖಾತೆಗೆ ನ್ಯಾಮತಿಯಷ್ಟೇ, ಅದಕ್ಕಿಂತ ಒಂದಿಂಚೂ ಹೆಚ್ಚಿಲ್ಲದ ಅನುಮತಿ ಬರೆದಳು. ಹೊಸ ಅಚ್ಚು ಹೋಯಿತು. ಹಳೆಯ ಪೆಟ್ಟಿಗೆ ಬಿತ್ತು, ಹೊಸದು ಎದ್ದಿತು. 'ಚಿತ್ರದಲ್ಲಿರುವ ಹನುಮಂತಪ್ಪನವರು ಬದುಕಿದ್ದಾರೆ. ತಪ್ಪು ನಮ್ಮದು.' ನಾನು ಬರೆದ ಅತ್ಯಂತ ಖಚಿತ ಸುದ್ದಿ ಅದು. ಮೂಲ ನನ್ನೆದುರೇ ಕೂತಿತ್ತು. ತುಸು ಹೊತ್ತಿಗೆ ಹನುಮಂತಪ್ಪನವರಿಗೆ ಜಗಳೂರಿನಿಂದ ಫೋನ್ ಬಂತು. ದೊಡ್ಡಪ್ಪ ಕ್ಷಮೆ ಕೇಳಲಿಲ್ಲ. "ಹೊರಟ್ವಿ, ಅಡುಗೆಗೆ ಹೇಳು," ಎಂದರಷ್ಟೇ.

ಹನುಮಂತಪ್ಪನವರು ಪಂಚೆ ಕೊಡವಿ ಎದ್ದರು. "ಸಂಜೆ ಊಟಕ್ಕೆ ಬರ್ರಿ," ಎಂದರು. ಗೆದ್ದ ಹುಮ್ಮಸ್ಸಿನಲ್ಲಿ ನಾನು ಮೊಬೈಲ್ ಕೈಗೆತ್ತಿಕೊಂಡು, "ನಿಶ್ಚಿತಾರ್ಥದ ಫೋಟೊ ತೆಗೆದು ಚಂದದ ಸುದ್ದಿ ಹಾಕುತ್ತೇನೆ," ಎಂದೆ.

ಅವರು ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.

"ಉಣ್ಣಾಕೆ ಪರ್ಮಿಷನ್ ಐತೆ. ಫೋಟೊ ಹಾಕಾಕೆ ಇಲ್ಲ."

ಇದನ್ನು ಸರಿಪಡಿಸು ಎಂದು ನಾನು ಶ್ರುತಿಗೆ ಫೋನ್ ಮಾಡಲಿಲ್ಲ.